ತೋಟದ ಬದು ಯಾರದು?



ಹೊಲದ ಬದುವಿಗಾಗಿ ಅಣ್ಣತಮ್ಮಂದಿರು ಕೋರ್ಟು ಹತ್ತಿದ ಸುದ್ದಿ ನಮಗೆ ಹೊಸದಲ್ಲ. ಒಂದು ಮೊಳ ಜಾಗಕ್ಕಾಗಿ ಮಾತು ಬಿಟ್ಟ ಕುಟುಂಬಗಳನ್ನು ನೀವೂ ಕಂಡಿರುತ್ತೀರಿ. 'ಇಲ್ಲಿಯವರೆಗೆ ನನ್ನದು' ಎಂದು ಸಾರುವ ಗೆರೆಯೇ ಬದು. ಆದರೆ ನನ್ನದು ಮುಗಿದು ಇನ್ನೊಬ್ಬರದು ಆರಂಭವಾಗುವುದೂ ಅಲ್ಲಿಯೇ. ಇಂದು ನಿಮ್ಮ ಹಿತ್ತಿಲಿನ ಪುಟ್ಟ ತೋಟದ ಅಂಚನ್ನು ಮುಂದಿಟ್ಟುಕೊಂಡು ಒಂದು ಪ್ರಶ್ನೆ ಕೇಳೋಣ. ಅಲ್ಲಿ ಬಾಳುವ ಹಕ್ಕು ಯಾರಿಗಿದೆ?

ನಮ್ಮ ಕರಾವಳಿಯಲ್ಲಿ ಹಂಚಿನ ಮನೆಗಳು ಒಂದೊಂದಾಗಿ ಮರೆಯಾಗಿ ತಾರಸಿ ಮನೆಗಳು ಏಳುತ್ತಿವೆ. 1865ರಲ್ಲಿ ಬಾಸೆಲ್ ಮಿಶನ್‌ನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಹೆಸರುವಾಸಿಯಾದ ಮಂಗಳೂರು ಹಂಚು, ತಲೆಮಾರುಗಳ ಕಾಲ ನಮ್ಮನ್ನು ಮಳೆಯಿಂದ ಕಾಪಾಡಿತು. ಈಗ ಅದು ಅನೇಕರ ಹಿತ್ತಿಲಿನ ಮೂಲೆಯಲ್ಲಿ ರಾಶಿ ಬಿದ್ದಿದೆ. ಅದರ ಜೊತೆಗೆ ಒಡೆದ ಇಟ್ಟಿಗೆ, ಕೆಂಪುಕಲ್ಲಿನ ತುಂಡು, ಗೆದ್ದಲು ತಿಂದ ಜಂತಿಯೂ ಇರಬಹುದು. ಇವುಗಳನ್ನು ಎಸೆಯುವ ಮುನ್ನ ತರಕಾರಿ ಪಾತಿಗೆ, ಹೂವಿನ ಮಡಿಗೆ ಅಂಚು ಕಟ್ಟಲು ಬಳಸಿ ನೋಡಿ.

ಆದರೆ ಸಿಮೆಂಟು ಹಾಕಿ ನುಣ್ಣಗೆ ಮೆತ್ತಬೇಡಿ. ಕಲ್ಲುಗಳ ನಡುವೆ ಬೆರಳು ತೂರುವಷ್ಟು ಸಂದು ಇರಲಿ. ಹಿಡಿಸಲೇಬೇಕಾದಲ್ಲಿ ಬರೀ ಮಣ್ಣು ಸಾಕು. ಮನೆಯ ನೆತ್ತಿಗೆ ಹೊದೆಸಿದ್ದ ಬಾಗಿದ ಹಂಚೊಂದನ್ನು ನೆರಳಿನಲ್ಲಿ ಬೋರಲು ಹಾಕಿ, ಅರ್ಧ ಮಣ್ಣಿನಲ್ಲಿ ಹುದುಗಿಸಿದರೆ ನೆಲಗಪ್ಪೆಗೊಂದು ತಂಪಾದ ಮನೆಯಾಯಿತು. ಹಗಲೆಲ್ಲ ಅಲ್ಲಿ ಕುಳಿತು, ರಾತ್ರಿ ಹೊರಟು ಅದು ಗೆದ್ದಲು, ಜೀರುಂಡೆ, ಗೊಂಡೆಹುಳುಗಳನ್ನು ತಿನ್ನುತ್ತದೆ. ಬಿಸಿಲು ಬೀಳುವ ಕಲ್ಲಿನ ಮೇಲೆ ಹಾವುರಾಣಿ ಮೈ ಕಾಯಿಸಿಕೊಳ್ಳುತ್ತದೆ. ಅದಕ್ಕೆ ವಿಷವಿದೆ ಎಂಬುದು ಬರೀ ನಂಬಿಕೆ. ಅದು ಕೀಟಗಳನ್ನು ತಿಂದು ಬದುಕುವ ಸಾಧು ಪ್ರಾಣಿ. ಮಣ್ಣಿನ ಸಂದಿಯಲ್ಲಿ ನೀಲಿ ಪಟ್ಟೆಯ ಒಂಟಿ ಜೇನು ಗೂಡು ಮಾಡುತ್ತದೆ. ಬದನೆ, ಟೊಮೆಟೊ ಹೂವಿನ ಪರಾಗ ಸಣ್ಣ ರಂಧ್ರದೊಳಗೆ ಸೆರೆಯಾಗಿರುತ್ತದೆ. ಈ ಜೇನು ಹೂವನ್ನು ಅಪ್ಪಿ ಹಿಡಿದು ಮೈ ಝೇಂಕರಿಸಿದಾಗ ಪರಾಗ ಉದುರಿ ಕಾಯಿ ಚೆನ್ನಾಗಿ ಕಚ್ಚುತ್ತದೆ.

ಎಲ್ಲ ಹಳೆಯ ಸಾಮಾನೂ ಇದಕ್ಕೆ ಒಗ್ಗುವುದಿಲ್ಲ. ಟೈರು, ಬಾಯಿ ಮೇಲಾದ ಬಾಟಲಿಗಳಲ್ಲಿ ನೀರು ನಿಂತು ಸೊಳ್ಳೆ ಹುಟ್ಟುತ್ತದೆ. ಕಲ್ನಾರಿನ ಶೀಟನ್ನು ಒಡೆದರೆ ಅದರ ಧೂಳು ಶ್ವಾಸಕೋಶಕ್ಕೆ ಅಪಾಯ.

ಇಲ್ಲಿಯವರೆಗೆ ಎಲ್ಲರೂ ಒಪ್ಪುತ್ತೀರಿ. ಕಪ್ಪೆಯಿಂದ ಲಾಭವಿದೆ, ಜೇನಿನಿಂದ ಲಾಭವಿದೆ, ಆದ್ದರಿಂದ ಬರಲಿ. ಆದರೆ ಅದೇ ಕಪ್ಪೆ ಒಮ್ಮೊಮ್ಮೆ ಜೇನುನೊಣವನ್ನೂ ನುಂಗುತ್ತದೆ. ನಮ್ಮ ಬೆಳೆಗೆ ಒಳ್ಳೆಯದನ್ನೂ ಮಾಡದ, ಕೆಟ್ಟದ್ದನ್ನೂ ಮಾಡದ ನೂರು ಜೀವಿಗಳು ಅದೇ ಸಂದಿಯಲ್ಲಿ ಸೇರಿಕೊಳ್ಳುತ್ತವೆ. ಅವುಗಳಿಗೆ ನಾವೇನು ಹೇಳೋಣ? 'ಉಪಕಾರಿ' ಎಂಬ ಚೀಟಿ ಇದ್ದವರಿಗೆ ಮಾತ್ರ ಪ್ರವೇಶವೇ?

ಅಸ್ಸಿಸಿಯ ಸಂತ ಫ್ರಾನ್ಸಿಸರ ಜೀವನ ಚರಿತ್ರೆಯನ್ನು ಬರೆದ ಚೆಲಾನೊದ ಥಾಮಸರು ಒಂದು ಸಂಗತಿಯನ್ನು ದಾಖಲಿಸಿದ್ದಾರೆ. ಮಠದ ತೋಟಗಾರ ಸಹೋದರನಿಗೆ ಫ್ರಾನ್ಸಿಸರು, ತೋಟದ ಸುತ್ತಲಿನ ಅಂಚನ್ನು ಅಗೆಯದೆ ಹಾಗೆಯೇ ಬಿಡುವಂತೆ ಹೇಳುತ್ತಿದ್ದರಂತೆ. ಅಲ್ಲಿ ತಾವಾಗಿಯೇ ಹುಟ್ಟುವ ಹುಲ್ಲು, ಹೂಗಳು ಸೃಷ್ಟಿಕರ್ತನ ಸೊಬಗನ್ನು ಸಾರಲಿ ಎಂಬುದೇ ಕಾರಣ. ಪೋಪ್ ಫ್ರಾನ್ಸಿಸರು 2015ರ 'ಲೌದಾತೊ ಸಿ' ವಿಶ್ವಪತ್ರದಲ್ಲಿ ಇದನ್ನು ನಮಗೆ ಮತ್ತೆ ನೆನಪಿಸಿದರು. ಗಮನಿಸಿ, ಆ ಸಹೋದರರು ಬಡವರು. ತರಕಾರಿ ಅವರಿಗೆ ಅಲಂಕಾರವಲ್ಲ, ಊಟ. ಆದರೂ ಅಂಚು ಅವರ ಊಟಕ್ಕೆ ಸೇರಿದ್ದಲ್ಲ.

ಇದಕ್ಕಿಂತ ಹಳೆಯ ಮಾತೊಂದು ಯಾಜಕಕಾಂಡದ 19ನೆಯ ಅಧ್ಯಾಯದಲ್ಲಿದೆ. ಹೊಲದ ಅಂಚಿನ ಪೈರನ್ನು ಕೊಯ್ಯದೆ ಬಡವರಿಗೂ ಪರದೇಶಿಯರಿಗೂ ಬಿಡಬೇಕೆಂಬುದು ಅಲ್ಲಿನ ಕಟ್ಟಳೆ. ಕೊಯ್ದು ತಂದು ದಾನ ಮಾಡು ಎಂದಲ್ಲ, ಬಿಟ್ಟುಬಿಡು ಎಂದು. ದಾನದಲ್ಲಿ ಕೊಡುವವನ ಕೈ ಮೇಲಿರುತ್ತದೆ. ಬಿಟ್ಟ ಅಂಚಿನಲ್ಲಿ ಯಾರ ಕೈಯೂ ಮೇಲಿಲ್ಲ. ವಿಮೋಚನಕಾಂಡದ 23ನೆಯ ಅಧ್ಯಾಯವು ಭೂಮಿಯನ್ನು ಪಾಳುಬಿಡುವ ಏಳನೆಯ ವರ್ಷದಲ್ಲಿ, ಬಡವರು ತಿಂದುಳಿದದ್ದು ಕಾಡುಪ್ರಾಣಿಗಳಿಗಿರಲಿ ಎನ್ನುತ್ತದೆ. ಹಾಗಾದರೆ ಅಂಚು ನಮ್ಮ ಔದಾರ್ಯವಲ್ಲ, ಅವರ ಪಾಲು.

"ಹಾವು ಬಂದರೆ?" ಎಂದು ಮನೆಯ ತಾಯಂದಿರು ಕೇಳುವುದು ನ್ಯಾಯವೇ. 2000ದಿಂದ 2019ರವರೆಗೆ ನಮ್ಮ ದೇಶದಲ್ಲಿ ಹಾವು ಕಚ್ಚಿ ವರ್ಷಕ್ಕೆ ಸರಾಸರಿ 58,000 ಮಂದಿ ಸತ್ತಿದ್ದಾರೆಂದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜಿಸಿದೆ. ಕಪ್ಪೆಯಿದ್ದಲ್ಲಿಗೆ ಹಾವು ಬರಬಹುದು. ಈ ಭಯವನ್ನು ಭಕ್ತಿಯ ಮಾತಿನಿಂದ ತಳ್ಳಿಹಾಕಲಾಗದು. ಪ್ರೀತಿಗೂ ಒಂದು ಕ್ರಮವಿದೆ. ಮಕ್ಕಳ ಜೀವ ಮೊದಲು. ಆದರೆ ಬದು ಬೇರೆ, ಹೊಸ್ತಿಲು ಬೇರೆ. ಕಲ್ಲಿನ ಅಂಚು ಬಾಗಿಲಿನಿಂದ, ಮಕ್ಕಳು ಆಡುವ ಅಂಗಳದಿಂದ ದೂರವಿರಲಿ. ಒಂದೇ ಸಾಲು, ತಗ್ಗಾಗಿರಲಿ. ಇಲಿಗಳನ್ನು ಕರೆಯುವ ಕಾಳು, ಮುಸುರೆ ಅಲ್ಲಿ ಬೀಳದಿರಲಿ. ಸಂದಿಗೆ ಬರಿಗೈ ಹಾಕಬೇಡಿ, ಕತ್ತಲಲ್ಲಿ ಟಾರ್ಚು ಇಲ್ಲದೆ ನಡೆಯಬೇಡಿ. ಹಾವು ಕಂಡರೆ ದೂರ ನಿಲ್ಲಿ. ಇಲಿ ತಿನ್ನುವ ಕೇರೆಯನ್ನು ನಾಗರವೆಂದು ಬಡಿದು ಕೊಲ್ಲುವವರೇ ಹೆಚ್ಚು. ಯಾರಿಗಾದರೂ ಕಚ್ಚಿದರೆ ಕಟ್ಟುವುದು, ಕೊಯ್ಯುವುದು, ಮಂತ್ರ ಹಾಕಿಸುವುದು ಬೇಡ. ನೇರವಾಗಿ ಆಸ್ಪತ್ರೆಗೆ ಕರೆದೊಯ್ಯಿರಿ. ಇಷ್ಟು ಎಚ್ಚರವಿದ್ದರೆ, ಭಯದ ಹೆಸರಿನಲ್ಲಿ ಇಡೀ ತೋಟಕ್ಕೆ ವಿಷ ಸಿಂಪಡಿಸುವ ಅಗತ್ಯ ಬೀಳುವುದಿಲ್ಲ.

ಒಂದು ಮೊಳ ಅಂಚಿನ ಬಗ್ಗೆ ಇಷ್ಟೊಂದು ಮಾತೇಕೆ ಎನ್ನಬಹುದು. ಪ್ರಯೋಜನವಿದ್ದರೆ ಮಾತ್ರ ಜಾಗ ಎಂಬ ಲೆಕ್ಕ ತೋಟದಲ್ಲಿಯೇ ನಿಲ್ಲುವುದಿಲ್ಲ. ದುಡಿಯಲಾಗದ ಅಜ್ಜ, ಬುದ್ಧಿ ಬೆಳೆಯದ ಮಗು, ಹಾಸಿಗೆ ಹಿಡಿದ ಅತ್ತೆ ಇವರನ್ನೂ ಅದೇ ತಕ್ಕಡಿಯಲ್ಲಿ ತೂಗುವ ಮನೆಗಳಿವೆ. ಕಪ್ಪೆಯೂ ಮನುಷ್ಯನೂ ಸಮವೆಂದು ಹೇಳುತ್ತಿಲ್ಲ. ಆದರೆ ತನಗೆ ಏನೂ ಕೊಡದ ಜೀವಿಗೆ ಜಾಗ ಬಿಡಲು ಕಲಿತ ಮಗು, ನಾಳೆ ಅಜ್ಜನ ಮಂಚಕ್ಕೆ ಜಾಗವಿಲ್ಲ ಎನ್ನುವುದು ಕಷ್ಟ.

ಮುಂದಿನ ಭಾನುವಾರ ಪೂಜೆ ಮುಗಿಸಿ ಬಂದ ಮೇಲೆ, ಮಕ್ಕಳನ್ನು ಕರೆದುಕೊಂಡು ಹಿತ್ತಿಲಿಗೆ ಹೋಗಿ. ಕೋಲಿನಿಂದ ಸರಿಸಿ ನೋಡಿ ಹತ್ತು ಹಳೆಯ ಹಂಚುಗಳನ್ನು ಆರಿಸಿ, ಪಾತಿಗೆ ಅಂಚು ಕಟ್ಟಿ. ಅದರಾಚೆಗಿನ ಒಂದು ಮೊಳ ನೆಲವನ್ನು ಅಗೆಯದೆ ಬಿಡಿ. ಅಲ್ಲಿ ಯಾರು ಬರುತ್ತಾರೋ ಕಾದು ನೋಡಲಿ ಮಕ್ಕಳು.