ಬಿಟ್ಟಿ

ನಮ್ಮೂರ ಬಸ್‌ಸ್ಟ್ಯಾಂಡಿನಲ್ಲಿ ಈಚೆಗೆ ಬಹಳ ಅಗ್ಗವಾಗಿರುವ ಮಾತೊಂದಿದೆ: ಬಿಟ್ಟಿ. 2023ರ ಜೂನ್ 11ರಂದು ಹೆಂಗಸರಿಗೆ ಸರಕಾರಿ ಬಸ್ಸುಗಳಲ್ಲಿ ದುಡ್ಡಿಲ್ಲದೆ ಓಡಾಡುವ ‘ಶಕ್ತಿ’ ಯೋಜನೆ ಬಂದಿತಲ್ಲ, ಅಂದಿನಿಂದ ಈ ಮಾತು ಕಿವಿಗೆ ಬೀಳದೆ ನಾನು ಬಸ್ಸು ಹತ್ತಿಳಿದದ್ದು ಕಡಿಮೆ. ಸೀಟು ಸಿಗದವರು ಯಾರೋ ಕಂಬಿ ಹಿಡಿದು ನಿಂತು, “ಬಿಟ್ಟಿ ಅಂದ್ರೆ ಹಿಂಗೇ ನೋಡಿ, ಮನೇಲಿ ಒಬ್ರೂ ನಿಲ್ಲಲ್ಲ” ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳುತ್ತಾರೆ. ಅದೇ ವರ್ಷ ಆಗಸ್ಟ್ 30ರಂದು ‘ಗೃಹಲಕ್ಷ್ಮಿ’ಯೂ ಶುರುವಾಗಿ, ಮನೆಯ ಯಜಮಾನಿಯ ಖಾತೆಗೆ ತಿಂಗಳಿಗೆ 2000 ರೂಪಾಯಿ ಎಂದಾದ ಮೇಲಂತೂ ಆ ಮಾತಿಗೆ ಕಾಲು ಬಂದು, ಮದುವೆಮನೆಯ ಪಂಕ್ತಿಯವರೆಗೂ ಬಂತು. ಹಾಗೆ ಅನ್ನುವವರಲ್ಲಿ ನಮ್ಮಂಥ ಹೆಂಗಸರೂ ಇದ್ದೇವೆ. ಬಸ್ಸಿನಲ್ಲಿ ಯಾರಿರುತ್ತಾರೆ ಎಂದು ಒಮ್ಮೆ ಕಣ್ಣು ಹಾಯಿಸಿದರೆ ಸಾಕು, ಗೊತ್ತಾಗುತ್ತದೆ: ಸೊಪ್ಪಿನ ಗಂಟು ಕಾಲ ಬಳಿ ಇಟ್ಟುಕೊಂಡವಳು, ಮೊಮ್ಮಗುವನ್ನು ಜಿಲ್ಲಾಸ್ಪತ್ರೆಗೆ ತೋರಿಸಲು ಹೊರಟವಳು, ಮನೆಗೆಲಸಕ್ಕೆ ಪೇಟೆಗೆ ಬರುವವಳು. ಧರ್ಮಸ್ಥಳಕ್ಕೆ ಹೋಗುವವರೂ ಇದ್ದಾರೆ, ಇಲ್ಲವೆನ್ನುವುದಿಲ್ಲ. ಆಯುಷ್ಯವೆಲ್ಲ ಒಲೆಯ ಮುಂದೆ ಕಳೆದ ಮುದುಕಿಯೊಬ್ಬಳು ಮಂಜುನಾಥನ ಮುಖ ನೋಡಿ ಬಂದರೆ ರಾಜ್ಯ ಮುಳುಗುವುದೇ ಎಂದು ನನಗನ್ನಿಸುತ್ತದೆ.

ಮಾತಿಗೂ ಒಂದು ತವರುಮನೆ ಇರುತ್ತದೆ. ಬಿಟ್ಟಿಯ ತವರು ಸಂಸ್ಕೃತದ ‘ವಿಷ್ಟಿ’. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಆ ಮಾತಿದೆ. ‘ಬಿಟ್ಟಿ’ ಎಂದೇ ನಮ್ಮ ಕನ್ನಡ ಶಾಸನಗಳಲ್ಲೂ ಬರುತ್ತದೆ. ಅಲ್ಲಿ ಅದರ ಅರ್ಥ ಕೂಲಿ ಕೊಡದೆ ಮಾಡಿಸಿಕೊಳ್ಳುವ ಕೆಲಸ. ಅರಸನಿಗೋ ಊರ ಒಡೆಯನಿಗೋ ಬಡವನು ಮೈಬಗ್ಗಿಸಿ ತೆರಬೇಕಾದ ತೆರಿಗೆ ಅದು. ಬಿಟ್ಟಿ ಚಾಕರಿ, ಬಿಟ್ಟಿ ಬೇಗಾರಿ ಎಂದು ನಮ್ಮ ಅಜ್ಜಿಯರು ಆಡುತ್ತಿದ್ದುದು ಇದೇ ಅರ್ಥದಲ್ಲಿ. ಎಂದರೆ ಮೊದಲು ಬಿಟ್ಟಿ ಕೊಡುತ್ತಿದ್ದವನು ಬಡವ, ಪಡೆಯುತ್ತಿದ್ದವನು ಉಳ್ಳವ. ಈಗ ಬಡವರಿಗೆ ಏನಾದರೂ ಸಿಕ್ಕಿದಾಗಲೇ ನಮಗೆ ಈ ಶಬ್ದ ನೆನಪಾಗುತ್ತದೆ. ಒಂದು ಶಬ್ದ ಹೀಗೆ ಪೂರಾ ಮಗ್ಗುಲು ಬದಲಿಸಬೇಕಾದರೆ ನಡುವೆ ಯಾವುದೋ ಲೆಕ್ಕ ಅಳಿಸಿಹೋಗಿರಬೇಕು.

ಲೆಕ್ಕ ಎಂದಾಗ ನನ್ನ ಅಮ್ಮನ ಪುಸ್ತಕ ನೆನಪಾಗುತ್ತದೆ. ಹಾಲು, ಸೀಮೆಎಣ್ಣೆ, ಅಗಸರವನಿಗೆ, ಹಿಟ್ಟಿನ ಗಿರಣಿಗೆ ಎಂದು ಅಮ್ಮ ಪೈಸೆ ಪೈಸೆ ಬರೆದಿಡುತ್ತಿದ್ದಳು. ಅಗಸರವನು ಬಾರದ ವಾರ ಆ ಸಾಲು ಖಾಲಿ. ಆ ವಾರ ಬಟ್ಟೆ ಒಗೆದವಳು ಅವಳೇ, ಆದರೂ ಖಾಲಿ. ತಿಂಗಳ ಕೊನೆಗೆ ‘ಉಳಿತಾಯ’ ಎಂದು ಬರೆದು ಅಪ್ಪನಿಗೆ ತೋರಿಸಿ ಹಿಗ್ಗುತ್ತಿದ್ದಳು!

ಅಮ್ಮ ಹೈಸ್ಕೂಲು ಮೆಟ್ಟಿಲು ಹತ್ತಿದವಳಲ್ಲ. ದೊಡ್ಡ ದೊಡ್ಡ ಅರ್ಥಶಾಸ್ತ್ರಜ್ಞರು ದೇಶದ ಲೆಕ್ಕ ಬರೆಯುವುದೂ ಅವಳ ಹಾಗೆಯೇ. ಖಾನಾವಳಿಯಲ್ಲಿ ಬೇಯಿಸಿದ ಅನ್ನ ರಾಷ್ಟ್ರೀಯ ವರಮಾನಕ್ಕೆ ಸೇರುತ್ತದೆ. ಮನೆಯಲ್ಲಿ ಬೇಯಿಸಿ ಮನೆಯವರಿಗೆ ಬಡಿಸಿದ್ದು ಸೇರುವುದಿಲ್ಲ. ಇಂಗ್ಲೆಂಡಿನ ಪಿಗೂ ಎಂಬ ಅರ್ಥಶಾಸ್ತ್ರಜ್ಞರು ಬಹಳ ಹಿಂದೆಯೇ ಇದರ ತಮಾಷೆಯನ್ನು ಕಂಡುಕೊಂಡಿದ್ದರು: ಸಂಬಳ ಕೊಟ್ಟು ಇಟ್ಟುಕೊಂಡ ಮನೆಗೆಲಸದಾಕೆಯನ್ನೇ ಯಜಮಾನ ಮದುವೆಯಾದರೆ ದೇಶದ ವರಮಾನ ಅಷ್ಟರಮಟ್ಟಿಗೆ ಇಳಿದುಹೋಗುತ್ತದಂತೆ. ಕೆಲಸ ಅದೇ, ಕೈ ಅದೇ, ತಾಳಿಯೊಂದು ಹೆಚ್ಚಾಗಿದೆ ಅಷ್ಟೆ.

ಅಂತೂ ಕೇಂದ್ರದ ಅಂಕಿಸಂಖ್ಯೆಯ ಇಲಾಖೆಯವರು 2019ರಲ್ಲಿ ದೇಶದ ಉದ್ದಗಲಕ್ಕೂ ಮನೆಮನೆಗೆ ಹೋಗಿ, ಜನ ದಿನದ 24 ಗಂಟೆಯನ್ನು ಹೇಗೆ ಕಳೆಯುತ್ತಾರೆಂದು ಕೇಳಿ ಬರೆದುಕೊಂಡರು. ಸಂಬಳವಿಲ್ಲದ ಮನೆಗೆಲಸ ಮಾಡುವವರು ನೂರಕ್ಕೆ 81 ಹೆಂಗಸರು, 26 ಗಂಡಸರು. ಮಾಡುವವರು ದಿನಕ್ಕೆ ಎಷ್ಟು ಹೊತ್ತು ಮಾಡುತ್ತಾರೆ? ಹೆಂಗಸರು 299 ನಿಮಿಷ, ಗಂಡಸರು 97 ನಿಮಿಷ. 2024ರಲ್ಲಿ ಮತ್ತೆ ಕೇಳಿದಾಗ ಇದು 289 ಮತ್ತು 88 ಆಗಿತ್ತು. ಐದು ವರ್ಷಗಳಲ್ಲಿ ನಮಗೆ ಹತ್ತು ನಿಮಿಷ ಉಳಿದರೆ, ಅವರೂ ಒಂಬತ್ತು ನಿಮಿಷ ಉಳಿಸಿಕೊಂಡಿದ್ದಾರೆ ನೋಡಿ.

ಈ ದುಡಿಮೆಗೆ ಬೆಲೆ ಕಟ್ಟುವ ಒಂದು ಸಂದರ್ಭ ಮಾತ್ರ ಇದೆ. ಆಕೆ ಅಪಘಾತದಲ್ಲಿ ಸತ್ತಾಗ. 1994ರಲ್ಲಿ ಮೋಟಾರು ವಾಹನ ಕಾಯಿದೆಗೆ ಸೇರಿಸಿದ ಪಟ್ಟಿಯೊಂದರಲ್ಲಿ, ಪರಿಹಾರದ ಲೆಕ್ಕಕ್ಕಾಗಿ, ಗೃಹಿಣಿಯ ವರಮಾನವೆಂದರೆ ದುಡಿಯುವ ಗಂಡನ ವರಮಾನದ ಮೂರನೆಯ ಒಂದು ಭಾಗ ಎಂದಿತ್ತು. ಗುಮಾಸ್ತನ ಹೆಂಡತಿ ಮಾಡುವ ಸಾರಿಗಿಂತ ಸಾಹೇಬರ ಹೆಂಡತಿ ಮಾಡುವ ಸಾರಿಗೆ ರುಚಿ ಹೆಚ್ಚೋ ಏನೋ! 2010ರಲ್ಲಿ ಇಂಥದೊಂದು ಮೊಕದ್ದಮೆ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ನ್ಯಾಯಾಧೀಶರು ಪರಿಹಾರವನ್ನು 6 ಲಕ್ಷಕ್ಕೆ ಏರಿಸಿದ್ದಲ್ಲದೆ, 2001ರ ಜನಗಣತಿಯಲ್ಲಿ ಗೃಹಿಣಿಯರನ್ನು ಭಿಕ್ಷುಕರು, ಕೈದಿಗಳು ಮೊದಲಾದವರ ಜೊತೆ ‘ಕೆಲಸ ಮಾಡದವರು’ ಎಂಬ ಒಂದೇ ಗುಂಪಿಗೆ ಸೇರಿಸಿದ್ದನ್ನು ತೀರ್ಪಿನಲ್ಲೇ ಖಂಡಿಸಿದರು.

ಇಷ್ಟನ್ನು ನಾನು ಹೇಳಿದರೆ ಖಜಾನೆಯಲ್ಲಿ ಕೆಲಸ ಮಾಡಿ ನಿವೃತ್ತರಾದ ನಮ್ಮ ಭಾವನವರು ಕನ್ನಡಕ ತೆಗೆದು ಒರೆಸಿಕೊಳ್ಳುತ್ತಾರೆ. “ಎಲ್ಲ ಸರಿನಮ್ಮ, ದುಡ್ಡು ಎಲ್ಲಿಂದ ಬರತ್ತೆ?” ಅವರ ಪ್ರಶ್ನೆಯನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. 2024-25ರ ಬಜೆಟ್ಟಿನಲ್ಲಿ ಐದು ಗ್ಯಾರಂಟಿಗಳಿಗೆಂದು ಇಟ್ಟದ್ದು ಸುಮಾರು 52 ಸಾವಿರ ಕೋಟಿ ರೂಪಾಯಿ. ಅಷ್ಟರಲ್ಲಿ ಎಷ್ಟು ಶಾಲೆಗೆ ಮೇಷ್ಟರು, ಎಷ್ಟು ಊರಿಗೆ ನಲ್ಲಿ, ಎಷ್ಟು ಆಸ್ಪತ್ರೆಗೆ ನರ್ಸು! ಹೆಂಗಸಿನ 289 ನಿಮಿಷ ನಿಜಕ್ಕೂ ಇಳಿಯಬೇಕಾದರೆ ಖಾತೆಗೆ ಬೀಳುವ ದುಡ್ಡಿಗಿಂತ ಅಂಗಳಕ್ಕೆ ಬರುವ ನೀರು ಹೆಚ್ಚಿನ ಉಪಕಾರಿ. ಭಾವನವರು ಇಷ್ಟು ಹೇಳಿ ನಿಲ್ಲಿಸಿದ್ದರೆ ನಾನು ಹೂಂ ಅನ್ನುತ್ತಿದ್ದೆ. ಆದರೆ ಅವರು ಮುಂದುವರಿದು, “ಏನೂ ಮಾಡದೆ ಕೂತವರಿಗೆ ಕೊಟ್ಟರೆ ಸೋಮಾರಿಗಳಾಗ್ತಾರೆ” ಅಂದುಬಿಡುತ್ತಾರೆ. ಅತ್ತ ಒಳಗೆ ನಮ್ಮ ಓರಗಿತ್ತಿ ಅವರಿಗಾಗಿ ಎರಡನೆಯ ಸಲ ಕಾಫಿ ಸೋಸುತ್ತಿರುತ್ತಾರೆ.

ಬಡದೇಶಗಳಲ್ಲೆಲ್ಲ ಈ ಜಗಳ ನಡೆದದ್ದೇ. ಮೆಕ್ಸಿಕೋ ದೇಶದಲ್ಲಿ 1997ರಲ್ಲಿ ಬಡಕುಟುಂಬಗಳಿಗೆ ಹಣ ಕೊಡುವ ‘ಪ್ರೊಗ್ರೆಸಾ’ ಯೋಜನೆ ಬಂತು. ಗಂಡಸಿನ ಕೈಗಿಂತ ತಾಯಿಯ ಕೈಗೆ ಕೊಟ್ಟರೆ ಮಕ್ಕಳ ಹೊಟ್ಟೆಗೆ ಸೇರುತ್ತದೆಂದು ಅವರು ಹಣವನ್ನು ತಾಯಂದಿರಿಗೇ ಕೊಟ್ಟರು. ಸೋಮಾರಿಗಳಾಗಬಾರದಲ್ಲ, ಕರಾರು ಹಾಕಿದರು: ಮಕ್ಕಳು ಶಾಲೆ ತಪ್ಪಿಸಬಾರದು, ಆಸ್ಪತ್ರೆಯ ತಪಾಸಣೆಗೆ ಹಾಜರಾಗಬೇಕು, ತಾಯಿ ಆರೋಗ್ಯದ ಭಾಷಣಗಳಿಗೆ ಬಂದು ಕೂರಬೇಕು. ಮಕ್ಕಳು ಶಾಲೆಗೆ ಹೋದರು, ನಿಜ. ಆದರೆ ಕರಾರು ನಡೆಸುವ ಹೊಣೆಯೆಲ್ಲ ಬಿದ್ದದ್ದು ತಾಯಿಯ ಮೇಲೆ. ಎಷ್ಟೋ ಕಡೆ ಸಾರ್ವಜನಿಕ ಜಾಗ ಗುಡಿಸುವ ಕೆಲಸವೂ ಅವಳಿಗೇ ಬಂತು. ಬಿಟ್ಟಿ ಕೊಡಬಾರದೆಂದು ಹೊರಟವರು ಬಿಟ್ಟಿ ಮಾಡಿಸಿಕೊಂಡರು ಎನ್ನಿ. ಹೆಸರು ಬದಲಿಸುತ್ತ ಬಂದ ಆ ಯೋಜನೆ 2019ರಲ್ಲಿ ನಿಂತೇಹೋಯಿತು.

ನಮ್ಮಲ್ಲಿ ಅಂಥ ಕರಾರಿಲ್ಲ, ಅಷ್ಟು ಸಮಾಧಾನ. ನನಗೆ ಕಸಿವಿಸಿ ಇರುವುದು ಹೆಸರಿನ ಬಗ್ಗೆ. ಗೃಹಲಕ್ಷ್ಮಿ! ಲಕ್ಷ್ಮಿಗೆ ಯಾರೂ ಸಂಬಳ ಕೊಡುವುದಿಲ್ಲ, ಕುಂಕುಮ ಇಟ್ಟು ಕೂರಿಸುತ್ತಾರೆ. ಪಕ್ಕದ ತಮಿಳುನಾಡಿನಲ್ಲಿ 2023ರ ಸೆಪ್ಟೆಂಬರ್ 15ರಂದು ಇಂಥದೇ ಯೋಜನೆ ಶುರುವಾಯಿತು, ತಿಂಗಳಿಗೆ 1000 ರೂಪಾಯಿ. ಅವರು ಅದನ್ನು ಮಹಿಳೆಯರ ‘ಉರಿಮೈ ತೊಗೈ’ ಎಂದು ಕರೆದರು, ಎಂದರೆ ಹಕ್ಕಿನ ಹಣ. ನಮ್ಮದಕ್ಕಿಂತ ಅರ್ಧ ಮೊತ್ತ, ಆದರೆ ಪಡೆಯುವವಳು ತಲೆ ತಗ್ಗಿಸಬೇಕಿಲ್ಲದ ಹೆಸರು. ಹೆಸರಿನಲ್ಲೇನಿದೆ ಎನ್ನಬೇಡಿ. ಕೃಪೆಯಿಂದ ಕೊಟ್ಟದ್ದನ್ನು ಮನಸ್ಸು ಬದಲಾದ ದಿನ ಹಿಂತೆಗೆದುಕೊಳ್ಳಬಹುದು. ಸಾಲ ತೀರಿಸಲು ಕೊಟ್ಟದ್ದನ್ನು ಹಾಗೆ ಮಾಡಲಾಗದು. ಇದು ಯಾವ ಬಗೆಯ ಹಣ ಎಂದು ಕೊಡುವವರೂ ಹೇಳಿಲ್ಲ, ಪಡೆಯುವ ನಾವೂ ಕೇಳಿಲ್ಲ.

ಕೇಳಿದರೆ ಸರಕಾರಕ್ಕೆ ಇನ್ನೂ ದೊಡ್ಡ ಬಾಕಿಯೊಂದು ಎದುರಾಗುತ್ತದೆ. 1975ರ ಅಕ್ಟೋಬರ್ 2ರಂದು ಆರಂಭವಾದ ಅಂಗನವಾಡಿ ಯೋಜನೆ ಇಂದಿಗೂ ನಿಂತಿರುವುದು ‘ಗೌರವಧನ’ದ ಮೇಲೆ. 2005ರ ಗ್ರಾಮೀಣ ಆರೋಗ್ಯ ಅಭಿಯಾನದಲ್ಲಿ ಬಂದ ಆಶಾ ಕಾರ್ಯಕರ್ತೆ ಕಾಗದದಲ್ಲಿ ಸ್ವಯಂಸೇವಕಿ. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ನಮ್ಮ ಆಶಾ ಕಾರ್ಯಕರ್ತೆಯರಿಗೆ ಪ್ರಶಸ್ತಿ ಕೊಟ್ಟಿತು. 2025ರ ಜನವರಿಯ ಚಳಿಯಲ್ಲಿ ಅವರು ನ್ಯಾಯವಾದ ಸಂಬಳಕ್ಕಾಗಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಕೂತಿದ್ದರು. ಬಿಟ್ಟಿ ಬೇಗಾರಿಯನ್ನು ನಮ್ಮ ಸಂವಿಧಾನದ 23ನೆಯ ವಿಧಿ ನಿಷೇಧಿಸಿದೆ. ದಿಲ್ಲಿಯ ಏಷ್ಯನ್ ಕ್ರೀಡೆಗಳಿಗಾಗಿ ದುಡಿದ ಕೂಲಿಗಳ ಮೊಕದ್ದಮೆಯಲ್ಲಿ, 1982ರಲ್ಲಿ, ಸುಪ್ರೀಂ ಕೋರ್ಟು ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು: ಹಸಿವೆ, ಬಡತನಗಳ ಒತ್ತಾಯಕ್ಕೆ ಒಬ್ಬಾತ ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿದರೆ ಅದೂ ಬಲವಂತದ ದುಡಿಮೆಯೇ. ಹಾಗಿದ್ದರೆ ಸಂಬಳಕ್ಕೆ ಗೌರವಧನ ಎಂದು ಹೆಸರಿಟ್ಟು, ಕನಿಷ್ಠ ಕೂಲಿಯ ಮಾತೇ ಬಾರದಂತೆ ನೋಡಿಕೊಳ್ಳುವುದನ್ನು ಏನೆನ್ನಬೇಕು? ಬಸ್ಸಿನಲ್ಲಿ ಕಂಬಿ ಹಿಡಿದು ನಿಂತವರು ಇದನ್ನು ಬಿಟ್ಟಿ ಎಂದದ್ದನ್ನು ನಾನು ಕೇಳಿಲ್ಲ.

ನಮ್ಮ ಬೀದಿಯ ಕೊನೆಗೆ ಒಂದು ಅಂಗನವಾಡಿ ಇದೆ. ಅಲ್ಲಿಯ ಟೀಚರು ಹೋದ ವರ್ಷ ಒಮ್ಮೆ ಚಿಲ್ಲರೆ ಬೇಕೆಂದು ನಮ್ಮ ಮನೆಗೆ ಬಂದವರು ಕೈಯಲ್ಲಿ ಒಂದು ನೋಟ್‌ಬುಕ್ಕು ಹಿಡಿದಿದ್ದರು. ಮೊಟ್ಟೆಯ ದುಡ್ಡು ಎರಡು ತಿಂಗಳಿಂದ ಮೇಲಿನಿಂದ ಬಂದಿರಲಿಲ್ಲ. ಮಕ್ಕಳು ಬಂದು ಕೂತಿರುತ್ತವೆ, ಇಲ್ಲ ಅನ್ನಲಾಗುವುದಿಲ್ಲ ಎಂದು ಅವರೇ ತಂದು ಹಾಕುತ್ತಿದ್ದರು. “ನಿಮಗೆಲ್ಲಿಂದ ಬಂತು ಟೀಚರೇ?” ಎಂದೆ. “ಗೃಹಲಕ್ಷ್ಮಿ ದುಡ್ಡು ಬಂದಿತ್ತಲ್ಲಕ್ಕಾ” ಎಂದು ನಕ್ಕರು. ನೋಟ್‌ಬುಕ್ಕಿನಲ್ಲಿ ಮೊಟ್ಟೆ, ತರಕಾರಿ, ಗ್ಯಾಸಿನವನಿಗೆ ಎಂದು ತಾರೀಖಿನ ಸಮೇತ ಸಾಲಾಗಿ ಬರೆದಿತ್ತು. ಒಂದು ಸಾಲನ್ನೂ ಖಾಲಿ ಬಿಟ್ಟಿರಲಿಲ್ಲ. ಪುಟದ ನೆತ್ತಿಯ ಮೇಲೆ ಕೆಂಪು ಶಾಯಿಯಲ್ಲಿ ‘ಬರಬೇಕಾದ್ದು’ ಎಂದು ಬರೆದು ಕೆಳಗೆ ಎರಡು ಗೆರೆ ಎಳೆದಿದ್ದರು.