ನಾದದ ನಿತ್ಯತೆಯೂ ತಟ್ಟೆಯ ಸವೆತವೂ

ಗ್ರಾಮಫೋನ್ ತಟ್ಟೆಗಳನ್ನು ಕಾಪಾಡುವ ಕ್ರಮವನ್ನು ವಿದ್ಯಾರ್ಥಿಗಳಿಗೆ ಬೋಧಿಸುವುದು ಮೇಲುನೋಟಕ್ಕೆ ಕೈಯ ಶಿಕ್ಷಣವೇ ಹೊರತು ಬುದ್ಧಿಯದಲ್ಲ. ತಟ್ಟೆಯನ್ನು ಅಂಚಿನಲ್ಲಿ ಹಿಡಿಯಬೇಕು, ಗೆರೆಗಳ ಮೇಲೆ ಬೆರಳಿಡಬಾರದು. ಒಂದರ ಮೇಲೊಂದು ಪೇರಿಸದೆ, ಓರೆಯಾಗಿ ಒರಗಿಸದೆ, ನೆಟ್ಟಗೆ ನಿಲ್ಲಿಸಿಡಬೇಕು. ವಿನೈಲ್ ತಟ್ಟೆಯನ್ನು ಒಣಬಟ್ಟೆಯಿಂದ ಉಜ್ಜಿದರೆ ವಿದ್ಯುತ್ತು ಹುಟ್ಟಿ, ತೊಲಗಬೇಕಾದ ಧೂಳೇ ಮರಳಿ ಬಂದು ಅಂಟುತ್ತದೆ. ಹಳೆಯ ಅರಗಿನ ತಟ್ಟೆಗೆ ಮದ್ಯಸಾರ ಸೋಕಿದರೆ ಅರಗೇ ಕರಗುತ್ತದೆ. ಇಷ್ಟನ್ನು ಅರ್ಧ ಗಂಟೆಯಲ್ಲಿ ಹೇಳಿ ಮುಗಿಸಬಹುದು. ಆದರೆ ಮುಳ್ಳು ಓಡಿದಷ್ಟೂ ಗೆರೆ ಸವೆಯುತ್ತದೆಂದು ತಿಳಿಸಿದೊಡನೆ, ಚುರುಕುಬುದ್ಧಿಯ ಹುಡುಗಿಯೊಬ್ಬಳು, "ಹಾಗಾದರೆ ಕೇಳದೆ ಇಟ್ಟುಬಿಡುವುದೇ ಒಳ್ಳೆಯದಲ್ಲವೆ, ಸಾರ್?" ಎಂದಳೆಂದರೆ, ಪಾಠವು ತರ್ಕಶಾಸ್ತ್ರದ ಅಂಗಳಕ್ಕೆ ಬಂದು ನಿಲ್ಲುತ್ತದೆ.

ಶಬ್ದವು ನಿತ್ಯವೋ ಅನಿತ್ಯವೋ ಎಂಬುದು ಮೀಮಾಂಸಕರಿಗೂ ನೈಯಾಯಿಕರಿಗೂ ಶತಮಾನಗಳ ಕಾಲ ನಡೆದ ವ್ಯಾಜ್ಯ. ಕತ್ತಲೆಯ ಕೋಣೆಯಲ್ಲಿ ಮೊದಲೇ ಇದ್ದ ಗಡಿಗೆಯನ್ನು ದೀಪವು ತೋರಿಸುವಂತೆ ಉಚ್ಚಾರಣೆಯು ಇದ್ದ ಶಬ್ದವನ್ನೇ ಅಭಿವ್ಯಕ್ತಗೊಳಿಸುತ್ತದೆಂದು ಮೀಮಾಂಸಕರ ಪಕ್ಷ. ಕುಂಬಾರನು ಮಾಡಿದ ಗಡಿಗೆಯಂತೆ ಶಬ್ದವೂ ಕೃತಕ, ಆದುದರಿಂದ ವಿನಾಶಿ ಎಂದು ನೈಯಾಯಿಕರ ಪಕ್ಷ. (ಇಬ್ಬರಿಗೂ ಗಡಿಗೆಯೇ ಬೇಕಾದುದು ನಮ್ಮ ದರ್ಶನಗಳ ದಾರಿದ್ರ್ಯವಲ್ಲ, ಮಿತವ್ಯಯ.) ತಟ್ಟೆಯನ್ನು ಕೇಳಿದವರಿಗೆ ಮೀಮಾಂಸಕನೇ ಗೆದ್ದಂತೆ ತೋರುತ್ತದೆ. 1902ರಲ್ಲಿ ಕಲ್ಕತ್ತೆಯಲ್ಲಿ ಹಾಡಿದ ಗೌಹರ್ ಜಾನ್, ಹಾಡಿನ ಕೊನೆಗೆ ತಮ್ಮ ಹೆಸರನ್ನು ತಾವೇ ಕೂಗಿ ಹೇಳುವುದು ಇಂದಿಗೂ ಕಿವಿಗೆ ಬೀಳುತ್ತದೆ. ಅವರು ಗತಿಸಿದ್ದಾದರೋ 1930ರಲ್ಲಿ, ನಮ್ಮ ಮೈಸೂರಿನಲ್ಲಿ. ಆದರೆ ಈ ಸಾಕ್ಷ್ಯವನ್ನು ಮೀಮಾಂಸಕನೇ ಒಪ್ಪಲಾರನು: ಅವನು ನಿತ್ಯವೆಂದದ್ದು ವರ್ಣವನ್ನು, ಕಂಠದ ಧ್ವನಿಯನ್ನಲ್ಲ, ಧ್ವನಿಯು ಅವನ ಮತದಲ್ಲಿಯೂ ಅಳಿಯತಕ್ಕದ್ದೇ. ಸಂಗೀತರಸಿಕನಿಗೆ ಬೇಕಾದುದೋ, ಆ ಅಳಿಯತಕ್ಕ ಅಂಶವೇ.

ತಟ್ಟೆ ತಯಾರಿಸಿದವರು ಇದನ್ನು ಅರಿತಿದ್ದರೆಂದು ತೋರುತ್ತದೆ. ಅರಗಿಗೆ ಕಲ್ಲಿನ ಪುಡಿಯನ್ನು ಬೆರೆಸಿ, ಉಕ್ಕಿನ ಮುಳ್ಳೇ ಸವೆದು ಗೆರೆಯ ಆಕಾರಕ್ಕೆ ಒಗ್ಗುವಂತೆ ಮಾಡಿ, ಒಂದು ಮುಖ ಮುಗಿದೊಡನೆ ಮುಳ್ಳನ್ನು ಬದಲಿಸಬೇಕೆಂದು ವಿಧಿಸಿದರು. 1948ರಲ್ಲಿ ನಿಮಿಷಕ್ಕೆ 33⅓ ಸುತ್ತು ತಿರುಗುವ ವಿನೈಲ್ ತಟ್ಟೆ ಬಂದ ಮೇಲೆ ನ್ಯಾಯವು ತಿರುಗುಮುರುಗಾಯಿತು. ಕಾಲಕ್ರಮದಲ್ಲಿ ಮುಳ್ಳಿನ ತುದಿಗೆ ವಜ್ರ ಬಂದಿತು, ತಟ್ಟೆ ಮೃದುವಾಗಿಯೇ ಉಳಿಯಿತು. ಎರಡರಲ್ಲೊಂದು ತನ್ನನ್ನು ವ್ಯಯಿಸಿಕೊಳ್ಳದೆ ನಾದವು ಹೊಮ್ಮದು. ಹೀಗಿರಲು, ಮುಟ್ಟದೆ ಇಟ್ಟ ತಟ್ಟೆಯಲ್ಲಿರುವುದು ನಾದವಲ್ಲ, ನೈಯಾಯಿಕನು ಪ್ರಾಗಭಾವವೆನ್ನುವ, ಹುಟ್ಟುವುದಕ್ಕೆ ಮುಂಚಿನ ಇಲ್ಲದಿರುವಿಕೆ. ಅದನ್ನು ಬೀರುವಿನಲ್ಲಿಟ್ಟು ಬೀಗ ಜಡಿದವನು ಕಾಯುತ್ತಿರುವುದು ಒಂದು ಅಭಾವವನ್ನು. ಲೋಕದಲ್ಲಿ ಒಂದೇ ಪ್ರತಿ ಉಳಿದಿದ್ದರೆ ಮಾತು ಬೇರೆ. ಅದನ್ನು ನುರಿತವರ ಕೈಯಲ್ಲಿ ಒಮ್ಮೆ ನುಡಿಸಿ ಪ್ರತಿ ತೆಗೆದಿಡಬೇಕು. ಮಿಕ್ಕವನ್ನು ಕೇಳಮ್ಮ, ಎಂದು ನಾನು ಆ ಹುಡುಗಿಗೆ ಹೇಳುತ್ತೇನೆ. ಮುಳ್ಳಿನ ಭಾರ ಮಾತ್ರ ತಯಾರಕರು ಹೇಳಿದಷ್ಟೇ, ಸಾಮಾನ್ಯವಾಗಿ ಎರಡು ಗ್ರಾಮಿನ ಆಸುಪಾಸು ಇರಲಿ. ತಟ್ಟೆಗೆ ನೋವಾದೀತೆಂದು ಅದಕ್ಕಿಂತ ಬಹಳ ಹಗುರ ಮಾಡಿದರೆ, ಮುಳ್ಳು ಗೆರೆಯೊಳಗೆ ಕುಣಿದು, ಭಾರದಿಂದ ಆಗುತ್ತಿದ್ದುದಕ್ಕಿಂತ ಹೆಚ್ಚಿನ ಗಾಯವನ್ನು ಮಾಡುತ್ತದೆ.