ಕೂಲಿಯೂ ದಂಡವೂ

ಒಬ್ಬನ ವಸ್ತುವನ್ನು ಮತ್ತೊಬ್ಬನು ಅಪಹರಿಸಿದರೆ, ಕಳೆದುಕೊಂಡವನ ಮನೆಯಲ್ಲಿ ಆ ವಸ್ತು ಇರುವುದಿಲ್ಲ; ಆದಕಾರಣ ಕಳವೆಂಬುದು ಮಗುವಿಗೂ ತಿಳಿಯುವ ಮಾತು. ಆದರೆ ಒಂದು ಹಾಡನ್ನಾಗಲಿ ಚಿತ್ರವನ್ನಾಗಲಿ ಬರಹವನ್ನಾಗಲಿ ನಕಲು ಮಾಡಿಕೊಂಡಾಗ ಮೂಲವು ಇದ್ದಲ್ಲಿಯೇ ಇರುತ್ತದೆ. ಕಳೆದುಕೊಂಡವನ ಕೈ ಬರಿದಾದುದು ಕಣ್ಣಿಗೆ ಕಾಣದಿರುವುದರಿಂದ ತೆಗೆದುಕೊಂಡವನ ಮನಸ್ಸಿಗೂ ಅದು ನಾಟುವುದಿಲ್ಲ. ಇಂತಹ ಅದೃಶ್ಯವಾದ ಸ್ವತ್ತನ್ನು ಕಾಪಾಡುವುದಕ್ಕಾಗಿ ಭಾರತದಲ್ಲಿ 1957ರ ಕೃತಿಸ್ವಾಮ್ಯದ ಕಾಯಿದೆ, ಜನರು ಕಾಪಿರೈಟ್ ಕಾನೂನೆಂದು ಕರೆಯುವಂಥದು, ಜಾರಿಯಲ್ಲಿದೆ. ಗ್ರಂಥಕರ್ತನ ಜೀವಿತಕಾಲವೂ ಅವನ ಮರಣಾನಂತರದ 60 ವರ್ಷಗಳೂ ಅದರ ರಕ್ಷಣೆಗೆ ಒಳಪಟ್ಟಿವೆ. 2012ರ ತಿದ್ದುಪಡಿಯಾದ ಮೇಲೆ ಛಾಯಾಚಿತ್ರಗಳಿಗೂ ಇದೇ ಅವಧಿ ಸಲ್ಲುತ್ತದೆ. ಸ್ವಾಮ್ಯವನ್ನು ಎಲ್ಲಿಯೂ ನೋಂದಾಯಿಸದಿದ್ದರೂ ಅದು ಕೃತಿಯೊಡನೆಯೇ ಹುಟ್ಟುತ್ತದೆ. ಈ ಸ್ವಾಮ್ಯವನ್ನು ಉಲ್ಲಂಘಿಸಿದುದಾಗಿ ವಕೀಲರ ನೋಟೀಸು ಬಂದಾಗ, ಕೈಯಲ್ಲಿ ಹಣವಿಲ್ಲದ ಗೃಹಸ್ಥನು ಹೇಗೆ ನಡೆದುಕೊಳ್ಳತಕ್ಕದ್ದೆಂಬ ಪ್ರಶ್ನೆಯು ನ್ಯಾಯಾಲಯಕ್ಕೆ ಎಷ್ಟು ಸೇರಿದುದೋ ಧರ್ಮವಿಚಾರಕ್ಕೂ ಅಷ್ಟೇ ಸೇರಿದುದು.

ದೃಷ್ಟಾಂತಕ್ಕಾಗಿ, ಬೆಂಗಳೂರಿನ ಶಿವಾಜಿನಗರದ ಗಲ್ಲಿಯೊಂದರಲ್ಲಿ ಸಣ್ಣ ಅಚ್ಚುಕೂಟವನ್ನು ನಡೆಸುವವನೊಬ್ಬನನ್ನು ಭಾವಿಸಿಕೊಳ್ಳಬಹುದು. ಹಲಸೂರಿನ ಜವಳಿ ವ್ಯಾಪಾರಿಯೊಬ್ಬನಿಗೆ ಹೊಸ ವರ್ಷದ 300 ಕ್ಯಾಲೆಂಡರುಗಳನ್ನು ಅಚ್ಚುಹಾಕಿಕೊಡುವಾಗ ಅವನು ಹಲಸೂರು ಕೆರೆಯ ಪ್ರಾತಃಕಾಲದ ಸೊಗಸಾದ ಫೋಟೋ ಒಂದನ್ನು ಅಂತರ್ಜಾಲದಿಂದ ಇಳಿಸಿಕೊಂಡು ಬಳಸಿದನು. ಖರ್ಚೆಲ್ಲ ಕಳೆದು ಅವನಿಗೆ ಉಳಿದುದು 6,000 ರೂಪಾಯಿ. ಮೂರು ತಿಂಗಳ ಮೇಲೆ ನೋಟೀಸು ಬಂದಿತು: ಚಿತ್ರದ ಬಳಕೆಯನ್ನು ನಿಲ್ಲಿಸಬೇಕು, ಏಳು ದಿನಗಳೊಳಗೆ 80,000 ರೂಪಾಯಿ ಪಾವತಿ ಮಾಡಬೇಕು, ಇಲ್ಲವಾದರೆ ಸಿವಿಲ್ ದಾವೆಯನ್ನೂ ಕ್ರಿಮಿನಲ್ ಮೊಕದ್ದಮೆಯನ್ನೂ ಹೂಡಲಾಗುವುದು. ಅವನ ಪೆಟ್ಟಿಗೆಯಲ್ಲಿರುವುದೋ ಇಬ್ಬರು ಕೆಲಸಗಾರರ ಸಂಬಳ, ಅಂಗಡಿಯ ಬಾಡಿಗೆ, ಮಗಳ ಕಾಲೇಜಿನ ಶುಲ್ಕ, ಇಷ್ಟಕ್ಕೆ ಸಾಲದ ಹಣ.

ಇಂತಹ ಸ್ಥಿತಿಯಲ್ಲಿ ಎರಡು ಪಕ್ಷಗಳು ಹೊರಡುತ್ತವೆ. ಮೊದಲನೆಯದು ಮೌನಪಕ್ಷ. ‘ಚಿತ್ರವು ದಾರಿಯಲ್ಲಿ ಬಿದ್ದಿರುವಂತೆ ಎಲ್ಲರಿಗೂ ಕಾಣುವಲ್ಲಿ ಇತ್ತು, ತೆಗೆದುಕೊಂಡುದರಿಂದ ಯಾರಿಗೂ ನಷ್ಟವಿಲ್ಲ, ಇಲ್ಲದವನಿಂದ ಯಾರು ಏನನ್ನು ಕಿತ್ತುಕೊಂಡಾರು?’ ಎಂದು ನೋಟೀಸನ್ನು ಮಡಿಸಿ ಪಂಚಾಂಗದ ಕೆಳಗಿಡುವುದು ಈ ಪಕ್ಷದವರ ನಡೆ. ಎರಡನೆಯದು ಭೀತಿಪಕ್ಷ. ಮೇಯೋ ಹಾಲಿನ ನ್ಯಾಯಾಲಯದ ಮೆಟ್ಟಿಲನ್ನು ಹತ್ತಬೇಕಾದೀತೆಂಬ ಅಂಜಿಕೆಯಿಂದ ಹೆಂಡತಿಯ ಬಳೆಗಳನ್ನು ಅಡವಿಟ್ಟಾದರೂ ಕೇಳಿದಷ್ಟನ್ನೂ ಕೊಟ್ಟು ಮಾನವನ್ನು ಉಳಿಸಿಕೊಳ್ಳುವುದು ಈ ಪಕ್ಷದವರ ಸಿದ್ಧಾಂತ. ಲೋಕವು ಮೊದಲನೆಯವನನ್ನು ಲಫಂಗನೆಂದೂ ಎರಡನೆಯವನನ್ನು ಸತ್ಯವಂತನೆಂದೂ ಎಣಿಸುವುದುಂಟು. ವಿಚಾರ ಮಾಡಿದರೆ ಇಬ್ಬರೂ ನೋಟೀಸಿನಲ್ಲಿರುವ ಮಾತನ್ನು ಬಿಡಿಸಿ ನೋಡಿದವರಲ್ಲ.

ಮೌನಪಕ್ಷಕ್ಕೆ ಸಮಾಧಾನವನ್ನು ಮೊದಲು ಹೇಳಬಹುದು. ಕಾಣುವಂತೆ ಇಟ್ಟದ್ದೆಲ್ಲವೂ ತೆಗೆದುಕೊಳ್ಳುವುದಕ್ಕಾಗಿ ಇಟ್ಟದ್ದಲ್ಲ. ಕೆರೆಯು ಎಲ್ಲರದೂ ಆಗಿರಬಹುದು. ಆದರೆ ಮಂಜು ಕರಗುವುದಕ್ಕೆ ಮುಂಚೆ ಎದ್ದು, ಕಂತಿನ ಸಾಲದಲ್ಲಿ ಕೊಂಡ ಕ್ಯಾಮರಾವನ್ನು ಹೊತ್ತು, ಹತ್ತು ದಿನ ಬಂದು ಹನ್ನೊಂದನೆಯ ದಿನ ಆ ಬೆಳಕನ್ನು ಹಿಡಿದವನ ಶ್ರಮವು ಎಲ್ಲರದಲ್ಲ. ಅವನೂ ಬಡವನಾಗಿರುವ ಸಂಭವವಿದೆ. ಅಚ್ಚುಕೂಟದವನು ಕಾಗದದವನಿಗೆ ಹಣ ಕೊಟ್ಟನು, ಮಸಿಯವನಿಗೆ ಕೊಟ್ಟನು, ಹೊಲಿಯುವವನಿಗೂ ಕೊಟ್ಟನು; ಕ್ಯಾಲೆಂಡರಿಗೆ ಕಳೆ ಕೊಟ್ಟವನೊಬ್ಬನಿಗೆ ಮಾತ್ರ ಕೊಡಲಿಲ್ಲ. ಬಡತನವು ಈ ಲೆಕ್ಕವನ್ನು ಅಳಿಸಲಾರದು. ಅಲ್ಲದೆ, ಬಳಕೆಯನ್ನು ನಿಲ್ಲಿಸುವುದಕ್ಕೆ ಕಾಸು ಬೇಕಾಗಿಲ್ಲ. ಮಾರದೆ ಉಳಿದ ಪ್ರತಿಗಳನ್ನು ಹಿಂದಕ್ಕೆ ಪಡೆಯುವುದಕ್ಕೂ ಪತ್ರಕ್ಕೆ ಉತ್ತರ ಬರೆಯುವುದಕ್ಕೂ ದಾರಿದ್ರ್ಯವು ಅಡ್ಡಿಯಲ್ಲ. ಹಣವಿಲ್ಲವೆಂಬ ಕಾರಣದಿಂದ ಹಣ ಬೇಡದ ಕರ್ತವ್ಯವನ್ನೂ ಬಿಡುವವನು ದಾರಿದ್ರ್ಯವನ್ನು ನೆವ ಮಾಡಿಕೊಂಡವನಾಗುತ್ತಾನೆ.

ಸದುದ್ದೇಶವಿದ್ದ ಮಾತ್ರಕ್ಕೆ ಈ ಕರ್ತವ್ಯ ತಪ್ಪುವುದಿಲ್ಲವೆಂಬುದಕ್ಕೆ ಕನ್ನಡನಾಡಿನದೇ ಆದ ಪ್ರಸಿದ್ಧ ವ್ಯಾಜ್ಯವೊಂದಿದೆ. ಡಾ. ಶಿವರಾಮ ಕಾರಂತರು ಯಕ್ಷಗಾನಕ್ಕೆ ಬ್ಯಾಲೆಯ ಹೊಸ ರೂಪವನ್ನು ಕೊಟ್ಟು, ಮಣಿಪಾಲದ ಅಕಾಡೆಮಿ ಆಫ್ ಜನರಲ್ ಎಜುಕೇಷನ್ನಿನ ಆಶ್ರಯದಲ್ಲಿದ್ದ ಉಡುಪಿಯ ಯಕ್ಷಗಾನ ಕೇಂದ್ರದ ನಿರ್ದೇಶಕರೂ ಆಗಿದ್ದರು. 1994ರಲ್ಲಿ ಅವರು ಬರೆದ ಮರಣಶಾಸನದ ಮೂಲಕ ಅವರ ಕೃತಿಸ್ವಾಮ್ಯವು ಶ್ರೀಮತಿ ಮಾಲಿನಿ ಮಲ್ಯರಿಗೆ ಸಂದಿತು. 1997ರಲ್ಲಿ ಕಾರಂತರು ಕಾಲವಾದರು. 2001ರಲ್ಲಿ ದೆಹಲಿಯಲ್ಲಿ ಅನುಮತಿಯಿಲ್ಲದೆ ‘ಅಭಿಮನ್ಯು ವಧೆ’ಯ ಪ್ರಯೋಗವು ನಡೆದಾಗ ಅವರು ಉಡುಪಿಯ ಜಿಲ್ಲಾ ನ್ಯಾಯಾಲಯದಲ್ಲಿ ದಾವೆ ಹೂಡಿದರು. ಕಲೆಯನ್ನು ಪೋಷಿಸಿದ ಸಂಸ್ಥೆಯೇ ಪ್ರತಿವಾದಿಯಾಗಿದ್ದರೂ ಸ್ವಾಮ್ಯವು ಸ್ವಾಮ್ಯವೇ ಎಂದಾಯಿತು. ಆದರೆ 2009ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ತೀರ್ಪನ್ನು ಎತ್ತಿಹಿಡಿಯುತ್ತ, ವಿದ್ಯಾಸಂಸ್ಥೆಗಳ ಚಟುವಟಿಕೆಗೂ ಹಣ ಪಡೆಯದೆ ನಡೆಸುವ ಪ್ರದರ್ಶನಕ್ಕೂ ಕಾಯಿದೆಯು ಕೊಟ್ಟಿರುವ ವಿನಾಯಿತಿಗಳನ್ನು ಈ ತಡೆಯಾಜ್ಞೆಯು ಮುಟ್ಟಲಾರದೆಂದು ವಿಶದಪಡಿಸಿತು. ಹಕ್ಕೂ ದಿಟ, ಹಕ್ಕಿನ ಎಲ್ಲೆಯೂ ದಿಟ.

ಈ ಎಲ್ಲೆಯ ಮಾತೇ ಭೀತಿಪಕ್ಷಕ್ಕೆ ಸಮಾಧಾನ. ನೋಟೀಸು ವಾದಿಯ ಮಾತೇ ಹೊರತು ನ್ಯಾಯಾಧೀಶನ ತೀರ್ಪಲ್ಲ. ಚಿತ್ರವು ತನ್ನದೆಂದು ಹೇಳುವವನು ಅದನ್ನು ತೋರಿಸತಕ್ಕದ್ದು. ತೆಗೆದವನು ಯಾರು, ಅವನಿಂದ ಈ ಕಂಪೆನಿಗೆ ಹಕ್ಕು ಹೇಗೆ ಬಂದಿತು, ಕೇಳಿದ ಮೊತ್ತವನ್ನು ಯಾವ ಲೆಕ್ಕದಿಂದ ಕಟ್ಟಲಾಯಿತು ಎಂದು ವಿನಯದಿಂದ ಕೇಳುವುದು ಉದ್ಧಟತನವಲ್ಲ. 2012ರಲ್ಲಿ ಮೂರು ಮಹಾ ಪ್ರಕಾಶನ ಸಂಸ್ಥೆಗಳು ದೆಹಲಿ ವಿಶ್ವವಿದ್ಯಾನಿಲಯದ ಮೇಲೂ ಅದರ ಆವರಣದ ಸಣ್ಣ ಜೆರಾಕ್ಸ್ ಅಂಗಡಿಯಾದ ರಾಮೇಶ್ವರಿ ಫೋಟೋಕಾಪಿ ಸರ್ವಿಸ್ಸಿನ ಮೇಲೂ ದಾವೆ ಹೂಡಿದವು. ಪಾಠಕ್ಕಾಗಿ ಪುಸ್ತಕದ ಭಾಗಗಳನ್ನು ನಕಲು ಮಾಡುವುದಕ್ಕೆ ಕಾಯಿದೆಯಲ್ಲಿಯೇ ಅವಕಾಶವಿದೆಯೆಂದು ದೆಹಲಿ ಉಚ್ಚ ನ್ಯಾಯಾಲಯವು 2016ರಲ್ಲಿ ಹೇಳಿತು. 2017ರಲ್ಲಿ ಪ್ರಕಾಶಕರು ದಾವೆಯಿಂದ ಹಿಂದೆ ಸರಿದರು. ದೊಡ್ಡವರ ನೋಟೀಸಿಗೆ ಹೆದರಿ ಆ ಅಂಗಡಿಯವನು ಬಾಗಿಲು ಮುಚ್ಚಿಬಿಟ್ಟಿದ್ದರೆ, ತಾನು ಮಾಡದ ತಪ್ಪನ್ನು ಒಪ್ಪಿಕೊಂಡಂತೆ ಆಗುತ್ತಿತ್ತು. ಆಧಾರವಿಲ್ಲದೆ ಬೆದರಿಸುವವರ ವಿರುದ್ಧ ಬೆದರಿಕೆಗೆ ಗುರಿಯಾದವನೇ ನ್ಯಾಯಾಲಯಕ್ಕೆ ಹೋಗಬಹುದೆಂದು ಕಾಯಿದೆಯ 60ನೆಯ ಸೆಕ್ಷನ್ನು ಹೇಳುತ್ತದೆ.

ಅಚ್ಚುಕೂಟದವನಿಗಾದರೋ ಅಂತಹ ವಿನಾಯಿತಿಯಿಲ್ಲ. ಅವನು ಲಾಭಕ್ಕಾಗಿಯೇ ಚಿತ್ರವನ್ನು ಬಳಸಿದನು. ಆದರೂ 80,000 ರೂಪಾಯಿಯು ಅವನ ಋಣವೆಂದು ಹೇಳಲಾಗದು. ಆ ಮೊತ್ತದೊಳಗೆ ಎರಡು ಬೇರೆ ಬೇರೆ ವಸ್ತುಗಳು ಬೆರೆತಿವೆ. ಮೊದಲೇ ಕೇಳಿದ್ದರೆ ಛಾಯಾಗ್ರಾಹಕನಿಗೆ ಸಲ್ಲುತ್ತಿದ್ದ ಬಳಕೆಯ ಬೆಲೆ ಒಂದು. ಕೇಳದೆ ಹೋದುದಕ್ಕೆ ಶಿಕ್ಷೆ ಮತ್ತೊಂದು. ಮೊದಲನೆಯದು ಕೂಲಿ, ಎರಡನೆಯದು ದಂಡ. ಕೂಲಿಯು ಕೆಲಸ ಮಾಡಿದವನ ಶ್ರಮವನ್ನು ನೋಡುತ್ತದೆ; ಆದುದರಿಂದ ಕೊಡಬೇಕಾದವನು ಬಡವನಾದರೂ ಅದು ಕಡಿಮೆಯಾಗುವುದಿಲ್ಲ. ದಂಡವು ತಪ್ಪಿದವನನ್ನು ನೋಡುತ್ತದೆ. ಆದುದರಿಂದ ಅವನ ಬುದ್ಧಿ, ಸ್ಥಿತಿ, ಶಕ್ತಿಗಳನ್ನು ಅಳೆಯದೆ ಅದನ್ನು ಗೊತ್ತುಮಾಡುವುದು ನ್ಯಾಯವಲ್ಲ. ಕೂಲಿಯನ್ನು ದಂಡವೆಂದು ತಿಳಿದು ನಿರಾಕರಿಸುವುದು ಮೌನಪಕ್ಷದ ದೋಷ. ದಂಡವನ್ನು ಕೂಲಿಯೆಂದು ತಿಳಿದು ತಲೆಬಾಗುವುದು ಭೀತಿಪಕ್ಷದ ದೋಷ.

ಈ ವಿವೇಕವು ಹೊಸದೇನೂ ಅಲ್ಲ. ಅಪರಾಧವನ್ನಲ್ಲದೆ ದೇಶ, ಕಾಲ, ಬಲ, ವಯಸ್ಸು, ವೃತ್ತಿ, ವಿತ್ತ ಇವುಗಳನ್ನೂ ಅರಿತು ದಂಡವನ್ನು ವಿಧಿಸತಕ್ಕದ್ದೆಂದು ಯಾಜ್ಞವಲ್ಕ್ಯಸ್ಮೃತಿಯ ಮತ. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರನು ‘ಮಿತಾಕ್ಷರಾ’ ಎಂಬ ವ್ಯಾಖ್ಯಾನವನ್ನು ಬರೆದುದು ಈ ಸ್ಮೃತಿಗೇ. ಅದೇ ಸ್ಮೃತಿಯು, ಸ್ಥಿತಿಗೆಟ್ಟ ಸಾಲಗಾರನಿಂದ ವರಮಾನವು ಬಂದಂತೆ ಮೆಲ್ಲಮೆಲ್ಲನೆ ವಸೂಲು ಮಾಡಬೇಕೆಂದೂ ಹೇಳುತ್ತದೆ; ಆದರೆ ಆ ದಯೆಯನ್ನು ಬ್ರಾಹ್ಮಣನೊಬ್ಬನಿಗೆ ಮಾತ್ರ ತೋರಿ, ಕೆಳಗಿನವರೆಂದು ಎಣಿಸಿದವರನ್ನು ದುಡಿಸಿಕೊಂಡು ಸಾಲ ತೀರಿಸಿಕೊಳ್ಳಬಹುದೆಂದಿತು. ಆ ಭೇದವನ್ನು ಇಂದು ಸಮರ್ಥಿಸುವುದು ಶಕ್ಯವಲ್ಲ. ದಯೆಯು ಒಬ್ಬನಿಗೆ ಯುಕ್ತವಾದರೆ ಎಲ್ಲರಿಗೂ ಯುಕ್ತವೇ.

ಇಂದಿನ ನ್ಯಾಯಾಲಯಗಳೂ ಪ್ರಮಾಣವನ್ನು ಮರೆತಿಲ್ಲ. 2022ರ ನವೆಂಬರಿನಲ್ಲಿ, ‘ಕೆ.ಜಿ.ಎಫ್.’ ಎರಡನೆಯ ಭಾಗದ ಸಂಗೀತವನ್ನು ರಾಷ್ಟ್ರೀಯ ಪಕ್ಷವೊಂದು ತನ್ನ ಯಾತ್ರೆಯ ಪ್ರಚಾರಕ್ಕೆ ಬಳಸಿತೆಂದು ಎಂ.ಆರ್.ಟಿ. ಮ್ಯೂಸಿಕ್ ಸಂಸ್ಥೆಯು ದೂರಿದಾಗ, ಬೆಂಗಳೂರಿನ ವಾಣಿಜ್ಯ ನ್ಯಾಯಾಲಯವು ಟ್ವಿಟರಿನಲ್ಲಿದ್ದ ಎರಡು ಖಾತೆಗಳನ್ನೇ ತಾತ್ಕಾಲಿಕವಾಗಿ ತಡೆಯುವಂತೆ ಆಜ್ಞಾಪಿಸಿತು. ಮರುದಿನವೇ ಕರ್ನಾಟಕದ ಉಚ್ಚ ನ್ಯಾಯಾಲಯವು, ಆಕ್ಷೇಪಿತ ಭಾಗವನ್ನು ತೆಗೆದುಹಾಕಬೇಕೆಂಬ ಷರತ್ತಿನ ಮೇಲೆ, ಆ ಆಜ್ಞೆಯನ್ನು ರದ್ದುಮಾಡಿತು. ಬಳಕೆಯನ್ನು ನಿಲ್ಲಿಸುವುದು ಆವಶ್ಯಕ. ನಿಲ್ಲಿಸುವುದರಿಂದಲೇ ತೀರುವ ಕಾರ್ಯಕ್ಕೆ ಅದಕ್ಕಿಂತ ದೊಡ್ಡ ಪೆಟ್ಟು ಅನಾವಶ್ಯಕ. ಸ್ವಾಮ್ಯವಿತ್ತೆಂಬುದು ತಿಳಿದಿರಲಿಲ್ಲ, ತಿಳಿಯಲು ಯುಕ್ತವಾದ ಕಾರಣವೂ ಇರಲಿಲ್ಲ ಎಂದು ಸಾಬೀತುಪಡಿಸಿದವನಿಂದ ತಡೆಯಾಜ್ಞೆಯನ್ನೂ ಲಾಭದಲ್ಲಿ ನ್ಯಾಯಾಲಯಕ್ಕೆ ಯುಕ್ತವೆಂದು ಕಂಡಷ್ಟನ್ನೂ ಮಾತ್ರ ಪಡೆಯಬಹುದೆಂದು 55ನೆಯ ಸೆಕ್ಷನ್ನಿನಲ್ಲಿದೆ. ಮುದ್ರಣವನ್ನೇ ವೃತ್ತಿಯಾಗಿ ಉಳ್ಳವನು ಈ ಮಾತನ್ನು ಆಡುವುದು ಕಷ್ಟ. ದಿಟವಲ್ಲದಿದ್ದರೆ ಆಡಲೂ ಬಾರದು.

ಹಾಗಾದರೆ ಅವನು ಮಾಡತಕ್ಕದ್ದೇನು? ಬಳಕೆಯನ್ನು ಆ ದಿನವೇ ನಿಲ್ಲಿಸಿ, ಎಷ್ಟು ಪ್ರತಿ ಅಚ್ಚಾಯಿತು, ಎಷ್ಟು ಹಣ ಬಂದಿತು ಎಂಬ ಲೆಕ್ಕವನ್ನು ಹಾಗೆಯೇ ಕಾದಿಡುವುದು ಮೊದಲ ಕೆಲಸ. ಉತ್ತರವನ್ನು ಕಳುಹಿಸುವುದಕ್ಕೆ ಮುಂಚೆ ಬಲ್ಲವರಿಗೆ ತೋರಿಸುವುದು ಎರಡನೆಯದು. ಏಕೆಂದರೆ ತಿಳಿದೂ ಮಾಡಿದ ಉಲ್ಲಂಘನೆಗೆ 63ನೆಯ ಸೆಕ್ಷನ್ನಿನಂತೆ ಆರು ತಿಂಗಳಿಂದ ಮೂರು ವರ್ಷಗಳವರೆಗೆ ಸೆರೆಮನೆವಾಸದ ವಿಧಿಯಿದೆ, ಉದ್ವೇಗದಲ್ಲಿ ಬರೆದ ಒಂದು ವಾಕ್ಯವು ಮುಂದೆ ಸಾಕ್ಷ್ಯವಾಗಬಹುದು. ಸುಳ್ಳನ್ನು ಹೇಳದಿರುವುದು ಬೇರೆ, ಕೇಳದಿರುವುದನ್ನೆಲ್ಲ ಹೇಳುವುದು ಬೇರೆ. ವಕೀಲರಿಗೆ ಕೊಡಲು ಹಣವಿಲ್ಲವೆಂದು ಕೈಚೆಲ್ಲಬೇಕಾಗಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯಿದೆಯ ಪ್ರಕಾರ ಸ್ತ್ರೀಯರಿಗೂ, ಪರಿಶಿಷ್ಟ ಜಾತಿ ಪಂಗಡಗಳವರಿಗೂ, ಅಂಗವಿಕಲರಿಗೂ, ಗೊತ್ತಾದ ಮಿತಿಗಿಂತ ಕಡಿಮೆ ವರಮಾನವುಳ್ಳ ಇತರರಿಗೂ ಉಚಿತ ನೆರವು ದೊರೆಯುತ್ತದೆ. 15100 ಎಂಬ ದೂರವಾಣಿ ಸಂಖ್ಯೆಯು ಅದಕ್ಕೆ ದಾರಿ. ಆಮೇಲೆ ಬರೆಯುವ ಉತ್ತರವು ಚಿಕ್ಕದಾಗಿರಲಿ: ಬಳಕೆ ನಿಂತಿದೆ, ಸ್ವಾಮ್ಯದ ಆಧಾರವನ್ನು ತೋರಿಸಬೇಕು, ತೋರಿಸಿದಲ್ಲಿ, ವ್ಯಾಜ್ಯವನ್ನು ಮುಗಿಸುವ ಸಲುವಾಗಿ, ಇಂತಹ ಬಳಕೆಗೆ ರೂಢಿಯಲ್ಲಿರುವ ಶುಲ್ಕವನ್ನು ಇಂತಿಷ್ಟು ಕಂತುಗಳಲ್ಲಿ ಸಲ್ಲಿಸಲು ಸಿದ್ಧ. ಸಲ್ಲಿಸಲಾಗದ ಕಂತನ್ನು ಒಪ್ಪಿಕೊಳ್ಳುವುದು ಎರಡನೆಯ ತಪ್ಪಿಗೆ ಮುಂಗಡ ಕೊಟ್ಟಂತೆ.

ನೋಟೀಸನ್ನು ಕಳುಹಿಸುವವನಿಗೂ ಧರ್ಮವುಂಟು. ಕೂಲಿಯನ್ನು ಕೇಳುವುದು ಅವನ ಹಕ್ಕು. ಎದುರಿನವನ ಅಜ್ಞಾನವನ್ನೂ ಅಂಜಿಕೆಯನ್ನೂ ತೂಗಿ ನೋಡಿ ಮೊತ್ತವನ್ನು ಏರಿಸುವುದು ಹಕ್ಕಲ್ಲ, ವ್ಯಾಪಾರ. ಅದರಲ್ಲಿಯೂ ಏರಿಸಿದ ಹಣವು ಛಾಯಾಗ್ರಾಹಕನ ಕೈಗೆ ಸೇರದೆ ನಡುವಿನವರಲ್ಲಿಯೇ ನಿಂತರೆ, ಕರ್ತೃವಿನ ಹೆಸರಿನಲ್ಲಿ ಕರ್ತೃವಿಗೇ ಅನ್ಯಾಯವಾದಂತಾಯಿತು.

ಕೊನೆಗೆ ಉಳಿಯುವ ಪ್ರಶ್ನೆ ಇದು: ತಿಂಗಳ ಕೊನೆಯಲ್ಲಿ ಪೆಟ್ಟಿಗೆಯಲ್ಲಿ ಸ್ವಲ್ಪವೇ ಹಣವಿರುವಾಗ ಯಾರಿಗೆ ಮೊದಲು? ದಂಡವೆಂದು ಏರಿಸಿದ ಮೊತ್ತವು ಕಾಯಲಿ. ಅದರ ನ್ಯಾಯವು ಇನ್ನೂ ತೀರ್ಮಾನವಾಗಬೇಕಾಗಿದೆ. ಆದರೆ ಅಚ್ಚಿನ ಯಂತ್ರದ ಮುಂದೆ ನಿಂತವನ ಸಂಬಳವೂ ಕೆರೆಯ ದಡದಲ್ಲಿ ನಿಂತವನ ಶುಲ್ಕವೂ ಒಂದೇ ಜಾತಿಯವು. ಎದುರಿಗೆ ಇರುವವನಿಗೆ ಕೊಟ್ಟು, ಕಾಣದವನನ್ನು ಮರೆಯುವುದು ಸುಲಭ. ಇಬ್ಬರ ಹೆಸರನ್ನೂ ಒಂದೇ ಪುಟದಲ್ಲಿ ಬರೆದುಕೊಂಡು, ಇದ್ದುದರಲ್ಲಿ ಇಬ್ಬರಿಗೂ ಸ್ವಲ್ಪ ಸ್ವಲ್ಪವಾಗಿ ಸಲ್ಲಿಸುತ್ತ ಹೋಗುವವನು ಬಡವನಾಗಿರಬಹುದು. ಸಾಲದಿಂದ ತಪ್ಪಿಸಿಕೊಂಡವನೆಂದು ಅವನನ್ನು ಯಾರೂ ಹೇಳಲಾರರು.